ಒಂದು ಕಾಯಿಯನ್ನೂ ಬಿಡದೆ ಸೋಲುವುದು ಹೇಗೆ?

ಪ್ರಶ್ನೆ: ನಾನು ಶಿವಮೊಗ್ಗದವನು, ಬ್ಯಾಂಕ್ ನೌಕರಿ. ಕೆಲವು ವರ್ಷಗಳಿಂದ ಚೆಸ್ ಆಡುತ್ತಿದ್ದೇನೆ, ಈಗ ಸಣ್ಣಪುಟ್ಟ ಟೂರ್ನಿಗಳಿಗೂ ಹೋಗುತ್ತೇನೆ. ಮೊದಲೆಲ್ಲ ಕಾಯಿ ಪುಕ್ಕಟೆಯಾಗಿ ಬಿಟ್ಟು ಸೋಲುತ್ತಿದ್ದೆ. ಈಗ ಹಾಗಾಗುವುದಿಲ್ಲ, ಆದರೂ ಸೋಲುತ್ತೇನೆ. ಹೋದ ತಿಂಗಳು ಆಡಿದ ಒಂದು ಆಟದ ನಡೆಗಳನ್ನು ಕಳಿಸಿದ್ದೇನೆ. ನಾನು ಬಿಳಿ. 14ನೇ ನಡೆಯಲ್ಲಿ ಎಚ್ ಸಾಲಿನ ಕಾಲಾಳನ್ನು ಎಚ್3 ಮನೆಗೆ ಆಡಿದೆ. 16ರಲ್ಲಿ ಮಂತ್ರಿಯನ್ನು ಡಿ2ಕ್ಕೆ ತಂದೆ, 19ರಲ್ಲಿ ಏನು ಆಡಬೇಕೋ ತೋಚದೆ ಅದೇ ಮಂತ್ರಿಯನ್ನು ಇ2ಕ್ಕೆ ಸರಿಸಿದೆ. 24ರಲ್ಲಿ ಎದುರಾಳಿಯ ಕುದುರೆ ಎಫ್4ರಲ್ಲಿ ಬಂದು ಕೂತಿತು. 31ರಲ್ಲಿ ನನ್ನ ಕುದುರೆ ಹೋಯಿತು, ಸೋತೆ. 31ರ ತನಕ ದೊಡ್ಡ ತಪ್ಪು ಒಂದೂ ಇಲ್ಲ ಅಂತ ಎಂಜಿನ್ (ನಡೆಗಳನ್ನು ಅಳೆಯುವ ಕಂಪ್ಯೂಟರ್ ಪ್ರೋಗ್ರಾಂ) ಹೇಳುತ್ತದೆ. ಬರೀ 0.3, 0.4ರ ಚಿಕ್ಕ ತಪ್ಪುಗಳು. ಹಾಗಾದರೆ ನಾನು ಸೋತದ್ದು ಎಲ್ಲಿ? ದೊಡ್ಡ ಆಟಗಾರರು ಆಡುವ ಸದ್ದಿಲ್ಲದ ನಡೆಗಳನ್ನು ಕಲಿಯುವುದು ಹೇಗೆ? ದಿನಾ ಬ್ಲಿಟ್ಸ್ (ಕೆಲವೇ ನಿಮಿಷದ ವೇಗದ ಆಟ) ಆಡಿದರೆ ಇದು ಬರುತ್ತದೆಯೇ?

ಉತ್ತರ: ನೀವು ಸೋತದ್ದು 19ನೇ ನಡೆಯಲ್ಲಿ. 31ರಲ್ಲಿ ಅದರ ಬಿಲ್ ಬಂತು, ಅಷ್ಟೆ.

ಆ ಎರಡು ಮಂತ್ರಿ ನಡೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಡಿ2ರಲ್ಲಿದ್ದ ಮಂತ್ರಿ ಇ3ರ ಮೂಲಕ ಎಫ್4 ಮನೆಯನ್ನು ಕಾಯುತ್ತಿತ್ತು. ನಿಮ್ಮ ಕರಿ ಮನೆಯ ಒಂಟೆ ಆಗಲೇ ಹೊಡೆದಾಟದಲ್ಲಿ ಹೋಗಿತ್ತು. ಹಾಗಾಗಿ ಎಫ್4ಕ್ಕೆ ಉಳಿದ ಕಾವಲು ಅದೊಂದೇ. ಮಂತ್ರಿ ಇ2ಕ್ಕೆ ಹೋದ ಕೂಡಲೇ ಒಟ್ಟಿಗೆ ಎರಡು ಕೆಲಸ ಕೆಟ್ಟವು. ಎಫ್4ಕ್ಕೆ ಕಾವಲು ಹೋಯಿತು. ಸಿ3ಯಲ್ಲಿದ್ದ ನಿಮ್ಮ ಕುದುರೆ ಮುಂದೆ ಯಾವತ್ತೋ ಇ2ಕ್ಕೆ ಬಂದು ಎಫ್4ರಲ್ಲಿ ಕೂತವನನ್ನು ಎದುರಿಸಬಹುದಿತ್ತು, ಆ ದಾರಿಗೂ ನಿಮ್ಮ ಮಂತ್ರಿಯೇ ಅಡ್ಡ ನಿಂತಿತು. ಇನ್ನು 14ರ ಎಚ್3. ಆ ಕಾಲಾಳು ಎಚ್2ರಲ್ಲೇ ಇದ್ದಿದ್ದರೆ ಜಿ3 ಆಡಿ ಕುದುರೆಯನ್ನು ಓಡಿಸಬಹುದಿತ್ತು. ಈಗ ಜಿ3 ಆಡಿದರೆ ಕುದುರೆ ಎಚ್3ರ ಕಾಲಾಳನ್ನೇ ಚೆಕ್ ಸಮೇತ ಹೊಡೆಯುತ್ತದೆ. ಎದುರಾಳಿಯ ಕುದುರೆ 24ರಲ್ಲಿ ಬಂದು ಕೂರುತ್ತಲೇ ನಿಮ್ಮ ಮಂತ್ರಿಯ ಮೇಲೂ ಕಣ್ಣು ಹಾಕಿತು. ಅಲ್ಲಿಂದ ಮುಂದೆ ಏಳು ನಡೆ ನೀವು ಆಡಿದ್ದೆಲ್ಲ ಆ ಒಂದು ಕುದುರೆಗೆ ಉತ್ತರ. ಹಾಗೆ ಕಾಯುತ್ತಾ ಕಾಯುತ್ತಾ ಒಂದು ಕಾಯಿ ಎರಡು ಕಡೆ ಕಾವಲಿಗೆ ಬಿದ್ದಿತು, ಕೊನೆಗೆ ಒಂದು ಕಡೆ ಬಿಟ್ಟುಹೋಯಿತು.

ಇನ್ನೊಂದು ವಿಷಯ ನೀವು ಬರೆದೇ ಇಲ್ಲ, ಆದರೆ ನಡೆಗಳ ಪಟ್ಟಿಯಲ್ಲಿದೆ. 22ರಲ್ಲಿ ಎದುರಾಳಿ ಕುದುರೆಯನ್ನು ಇ7ರಿಂದ ಜಿ6ಕ್ಕೆ ತಂದರು. ಚೆಕ್ ಇಲ್ಲ, ಹೊಡೆತ ಇಲ್ಲ, ಬೆದರಿಕೆ ಕಾಣುವುದೂ ಇಲ್ಲ. ಆದರೆ ಜಿ6ರ ಕುದುರೆ ಎಫ್4ಕ್ಕಲ್ಲದೆ ಇನ್ನೆಲ್ಲಿಗೆ ಹೋಗುತ್ತದೆ ಹೇಳಿ? ಅದು ಮುಂಚಿತವಾಗಿ ಕೊಟ್ಟ ಸೂಚನೆ. 23ರಲ್ಲಿ ನೀವು ಮಂತ್ರಿಯನ್ನು ಮತ್ತೆ ಡಿ2ಕ್ಕೆ ಇಟ್ಟಿದ್ದರೂ ಆಟ ಉಳಿಯುತ್ತಿತ್ತು. ಹೋದ ದಾರಿಯಲ್ಲೇ ವಾಪಸ್ಸು ಬರಲು ನಮಗೆಲ್ಲ ಒಂಥರಾ ಸಂಕೋಚ. ಗ್ರ್ಯಾಂಡ್‌ಮಾಸ್ಟರ್‌ಗಳಿಗೆ ಆ ಸಂಕೋಚ ಇಲ್ಲ.

ಚಿಕ್ಕ ತಪ್ಪು ಅನ್ನುವುದು ಹೆಚ್ಚಾಗಿ ಹೀಗೇ ಹುಟ್ಟುತ್ತದೆ. ಕಾಯಿ ಎಲ್ಲಿಗೆ ಹೋಗುತ್ತದೆ ಅಂತ ನೋಡುತ್ತೇವೆ. ಎಲ್ಲಿಂದ ಹೋಗುತ್ತಿದೆ ಅಂತ ನೋಡುವುದಿಲ್ಲ. ಇದು ಬರೀ ನಮ್ಮಂಥವರ ರೋಗವಲ್ಲ. 1892ರಲ್ಲಿ ಹವಾನಾದಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನ 23ನೇ ಆಟದಲ್ಲಿ ಚಿಗೋರಿನ್ ಒಂದು ಕಾಯಿ ಹೆಚ್ಚಿದ್ದು ಗೆಲ್ಲುವ ಸ್ಥಿತಿಯಲ್ಲಿದ್ದರು. ಅವರ ಡಿ6ರ ಒಂಟೆ ದೂರದಿಂದಲೇ ಎಚ್2 ಮನೆಯನ್ನು ಕಾಯುತ್ತಿತ್ತು. 32ರಲ್ಲಿ ಅದನ್ನು ಬಿ4ಕ್ಕೆ ಒಯ್ದರು. ಎದುರಿಗಿದ್ದ ಆಗಿನ ಚಾಂಪಿಯನ್ ಸ್ಟೈನಿಟ್ಸ್‌ರ ಆನೆ ಎಚ್2ಕ್ಕೆ ನುಗ್ಗಿತು, ಮುಂದಿನ ನಡೆಗೆ ಮೇಟ್. ಪಂದ್ಯವೂ ಅಲ್ಲಿಗೆ ಮುಗಿಯಿತು, ಪಟ್ಟ ಸ್ಟೈನಿಟ್ಸ್ ಬಳಿಯೇ ಉಳಿಯಿತು. ಒಂಟೆ ಹೋದ ಜಾಗದಲ್ಲಿ ತಪ್ಪೇನಿರಲಿಲ್ಲ. ಬಿಟ್ಟು ಬಂದ ಜಾಗದಲ್ಲಿತ್ತು.

ಇಂಥದ್ದು ಕಣ್ಣಿಗೆ ಹೊಡೆಯುವ ತಪ್ಪು. ನೀವು ಕೇಳಿದ್ದು 0.3, 0.4ರ ತಪ್ಪುಗಳ ಬಗ್ಗೆ. ಅದಕ್ಕೆ ನನಗೆ ಗೊತ್ತಿರುವ ಅತ್ಯುತ್ತಮ ಪಾಠ ಒಂದು ಹಳೆಯ ಆಟ. 1907, ಪೋಲೆಂಡಿನ ಲೋಡ್ಜ್ ನಗರ. ಬಿಳಿ ರೋಟ್ಲೆವಿ, ಕರಿ ಅಕಿಬಾ ರೂಬಿನ್‌ಸ್ಟೈನ್. ಇದರ ಕೊನೆಯ ನಾಲ್ಕು ನಡೆಗಳು ಚೆಸ್ ಗೊತ್ತಿರುವ ಎಲ್ಲರಿಗೂ ಗೊತ್ತು. ರೂಬಿನ್‌ಸ್ಟೈನ್ ಮಂತ್ರಿಯನ್ನೇ ಬಿಟ್ಟುಕೊಟ್ಟು, ಆನೆಗಳನ್ನು ಬಿಟ್ಟುಕೊಟ್ಟು ಗೆದ್ದ ಆಟ. ಎಲ್ಲರೂ 22ನೇ ನಡೆಯಿಂದ ನೋಡಲು ಶುರು ಮಾಡುತ್ತಾರೆ. ನೀವು 10ರಿಂದ ನೋಡಿ. ಬೋರ್ಡ್ ಇಟ್ಟುಕೊಂಡು ನೋಡಿದರೆ ಇನ್ನೂ ಒಳ್ಳೆಯದು.

ಎರಡೂ ಕಡೆ ಹೆಚ್ಚುಕಮ್ಮಿ ಒಂದೇ ಥರ ಕಾಯಿ ಜೋಡಿಸುತ್ತಾರೆ. 10ರಲ್ಲಿ ರೋಟ್ಲೆವಿ ಮಂತ್ರಿಯನ್ನು ಡಿ2ಕ್ಕೆ ಇಡುತ್ತಾರೆ. 14ರಲ್ಲಿ ಅದೇ ಮಂತ್ರಿ ಇ2ಕ್ಕೆ. ಹೌದು, ನಿಮ್ಮದೇ ಎರಡು ಮನೆಗಳು! ರೂಬಿನ್‌ಸ್ಟೈನ್‌ರ ಮಂತ್ರಿ ಒಂದೇ ನಡೆಗೆ ಇ7ಕ್ಕೆ ಹೋಗಿ ಕೂತಿದೆ. ಇನ್ನು ಬಿಳಿಯ ಒಂಟೆ 11ರಲ್ಲಿ ಡಿ3ಕ್ಕೆ ಬಂತು, 12ರಲ್ಲಿ ಸಿ4ರ ಕಾಲಾಳನ್ನು ಹೊಡೆಯಿತು, 13ರಲ್ಲಿ ಓಡಿಸಿಕೊಂಡು ಮತ್ತೆ ಡಿ3ಕ್ಕೆ ಬಂತು. ಮೂರು ನಡೆ. ಕರಿಯ ಒಂಟೆ ಅಂಥದ್ದೇ ಮನೆಗೆ ಎರಡೇ ನಡೆಯಲ್ಲಿ ಬಂದಿತ್ತು. 15ನೇ ನಡೆಯಲ್ಲಿ ಬಿಳಿ ಕ್ಯಾಸ್ಲಿಂಗ್ (ರಾಜ, ಆನೆ ಒಟ್ಟಿಗೆ ಸರಿಯುವ ನಡೆ) ಮಾಡಿದಾಗ ಬೋರ್ಡ್ ನೋಡಿ. ಎರಡೂ ಸೈನ್ಯ ಎದುರುಬದುರು ಒಂದೇ ಥರ ನಿಂತಿವೆ. ವ್ಯತ್ಯಾಸ ಒಂದೇ. ಕರಿಯ ಒಂದು ಆನೆ ಆಗಲೇ ಡಿ8ಕ್ಕೆ ಬಂದು ತೆರೆದ ಸಾಲಿನಲ್ಲಿ ನಿಂತಿದೆ. ಅದಲ್ಲದೆ ಸರದಿಯೂ ಕರಿಯದು. ಮೊದಲು ಆಡಲು ಶುರು ಮಾಡಿದ್ದು ಬಿಳಿ ಅಲ್ವಾ? ಅಂದರೆ ಎಲ್ಲೋ ಎರಡು ನಡೆ ಸೋರಿಹೋಗಿವೆ. ಒಂದು ಮಂತ್ರಿಯಿಂದ, ಇನ್ನೊಂದು ಒಂಟೆಯಿಂದ.

ಎರಡು ನಡೆ ಹಿಂದೆ ಬಿದ್ದವರು ಸುಮ್ನೆ ಕಾಯಿಗೆ ಕಾಯಿ ಹೊಡೆಸಿಕೊಂಡು ಆಟ ತಣ್ಣಗೆ ಮಾಡಬೇಕಿತ್ತು. ರೋಟ್ಲೆವಿ ತಾವೇ ಮುಂದಿದ್ದೇನೆ ಎಂಬಂತೆ ಆಡಿದರು. 17ರಲ್ಲಿ ಎಫ್4, 18ರಲ್ಲಿ ಇ4, 19ರಲ್ಲಿ ಇ5. ನೋಡಲು ಜೋರು. ಆದರೆ ಅವರ ರಾಜನ ಕಡೆಗೆ ಹೋಗುವ ಓರೆ ಸಾಲು ಬಾಗಿಲು ತೆರೆದಂತೆ ತೆರೆದುಕೊಂಡಿತು. ಅದೇ ಹೊತ್ತಿಗೆ ರೂಬಿನ್‌ಸ್ಟೈನ್ ಆಡಿದ್ದು ಯಾವ ನಡೆಗಳನ್ನು? 17ರಲ್ಲಿ ಒಂಟೆಯನ್ನು ಹಿಂದಕ್ಕೆ ಸಿ7ಕ್ಕೆ ಎಳೆದುಕೊಂಡರು. 18ರಲ್ಲಿ ಇನ್ನೊಂದು ಆನೆಯನ್ನು ಸಿ8ಕ್ಕೆ ತಂದರು. ಎರಡರಲ್ಲೂ ಸದ್ದೇ ಇಲ್ಲ. 19ರಲ್ಲಿ ಅದೇ ಒಂಟೆ ಬಿ6ಕ್ಕೆ ಬಂದು ಚೆಕ್ ಕೊಟ್ಟಿತು. ಆಮೇಲೆ ಕುದುರೆ ಜಿ4, ಮಂತ್ರಿ ಎಚ್4, ಆ ಪ್ರಸಿದ್ಧ ಬಲಿಗಳು.

ಈಗ ನನಗೆ ಇಷ್ಟವಾದ ಜಾಗ. 22ರಲ್ಲಿ ಸಿ3ರ ಕುದುರೆಯನ್ನು ಹೊಡೆದ ಆನೆ ಯಾವುದು? 18ರಲ್ಲಿ ಸದ್ದಿಲ್ಲದೆ ಸಿ8ಕ್ಕೆ ಬಂದದ್ದು. 23ರಲ್ಲಿ ಡಿ2ಕ್ಕೆ ಇಳಿದು ಬಿಳಿ ಮಂತ್ರಿಯನ್ನು ಎಳೆದ ಆನೆ ಯಾವುದು? ರೋಟ್ಲೆವಿ ಕಳೆದುಕೊಂಡ ಸಮಯದಲ್ಲಿ ಡಿ8ಕ್ಕೆ ಬಂದದ್ದು. ಬಿಳಿ ಮಂತ್ರಿ ಡಿ2, ಇ2 ಅಂತ ಅಲೆದಾಡಿ ಕೊಟ್ಟ ಬಿಟ್ಟಿ ನಡೆಯಲ್ಲಿ ಬಂದ ಆನೆಯೇ ಕೊನೆಗೆ ಆ ಮಂತ್ರಿಯ ಮುಂದೆ ಬಂದು ನಿಂತಿತು. ಮೊದಲ ಆನೆ ಎಚ್3ಕ್ಕೆ ಹೋಗಿ ಆಟ ಮುಗಿಸಿತು. ರೂಬಿನ್‌ಸ್ಟೈನ್‌ರ ಕಲ್ಪನೆ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕಾಯಿಗಳು ಆ ಮನೆಗಳಲ್ಲಿ ಇರದಿದ್ದರೆ ಕಲ್ಪನೆಗೆ ಕೆಲಸವೇ ಇರುತ್ತಿರಲಿಲ್ಲ.

ಎಂಜಿನ್ ಕೊಡುವ ಸಂಖ್ಯೆಗಳ ಬಗ್ಗೆ ಒಂದು ಮಾತು. 1.0 ಅಂದರೆ ಸುಮಾರು ಒಂದು ಕಾಲಾಳಿನ ಬೆಲೆ. 0.4 ಅಂದರೆ ಅರ್ಧ ಕಾಲಾಳಿಗಿಂತಲೂ ಕಮ್ಮಿ. ಎಂಜಿನ್ ಈ ಲೆಕ್ಕ ಹಾಕುವುದು ಎರಡೂ ಕಡೆಯವರು ಮುಂದೆ ತನ್ನ ಹಾಗೇ ಆಡುತ್ತಾರೆ ಅಂತ ನಂಬಿಕೊಂಡು. ನೀವು ಎಂಜಿನ್ ಅಲ್ಲ, ನಿಮ್ಮ ಎದುರಾಳಿಯೂ ಅಲ್ಲ. ಹಾಗಾಗಿ ಒಂದು 0.4ರಲ್ಲಿ ಸಿಗುವ ಸ್ಥಿತಿ ಆಡಲು ಸುಲಭವಾಗಿಯೇ ಇರಬಹುದು. ಇನ್ನೊಂದು 0.4ರಲ್ಲಿ ಏಳು ನಡೆ ಉಸಿರು ಬಿಗಿಹಿಡಿದು ಕಾಯಬೇಕಾಗಬಹುದು. ಸಂಖ್ಯೆ ಒಂದೇ, ಆಡುವ ಕಷ್ಟ ಬೇರೆ. ಎಂಜಿನ್ ಹಾಕುವ ಬಣ್ಣದ ಗುರುತು ನೋಡಿ 'ದೊಡ್ಡ ತಪ್ಪಿಲ್ಲ' ಅಂತ ಸಮಾಧಾನ ಮಾಡಿಕೊಳ್ಳಬೇಡಿ. 0.2ಕ್ಕೆಲ್ಲ ತಲೆ ಕೆಡಿಸಿಕೊಳ್ಳುವುದೂ ಬೇಡ. ನಿಮ್ಮ ಮಟ್ಟದಲ್ಲಿ ಇಬ್ಬರೂ ಚಿಕ್ಕ ತಪ್ಪು ಮಾಡುತ್ತಲೇ ಇರುತ್ತೀರಿ, ಅರ್ಧಕ್ಕರ್ಧ ತಾವಾಗಿಯೇ ವಜಾ ಆಗುತ್ತವೆ. ಎದುರಾಳಿ ಬಂದು ವಸೂಲಿ ಮಾಡಿದ ತಪ್ಪು ಮಾತ್ರ ಲೆಕ್ಕಕ್ಕೆ. ನಿಮ್ಮ ಎದುರಾಳಿ 22ರಲ್ಲಿ ಜಿ6ಕ್ಕೆ ಕುದುರೆ ತಂದು ವಸೂಲಿಗೆ ಹೊರಟರು. ಅವರಿಗೆ ಅದು ತೋಚದೆ ಹೋಗಿದ್ದರೆ ಈ ಪತ್ರವೇ ಬರುತ್ತಿರಲಿಲ್ಲ.

ಇನ್ನು ಸದ್ದಿಲ್ಲದ ನಡೆ. ಚೆಕ್ ಕೊಡದ, ಏನನ್ನೂ ಹೊಡೆಯದ, ತಕ್ಷಣಕ್ಕೆ ಏನನ್ನೂ ಹೊಡೆಯುತ್ತೇನೆ ಅಂತಲೂ ಹೇಳದ ನಡೆಗೆ ಹೀಗನ್ನುತ್ತೇವೆ. ಇವು ಕಾಣದೆ ಇರಲು ಕಾರಣ ನಮ್ಮ ಅಭ್ಯಾಸವೇ. ಮೊದಲು ಚೆಕ್ ನೋಡು, ಆಮೇಲೆ ಹೊಡೆತ ನೋಡು, ಆಮೇಲೆ ಬೆದರಿಕೆ ನೋಡು ಅಂತ ಹೇಳಿಕೊಡುತ್ತೇವೆ. ಒಳ್ಳೆಯ ಪಾಠವೇ. ಆದರೆ ಆ ಮೂರೂ ಇಲ್ಲದ ಸ್ಥಿತಿ ಬಂದಾಗ ನೋಡಲು ಏನೂ ಇಲ್ಲ ಅಂತ ತಲೆ ತೀರ್ಮಾನಿಸಿಬಿಡುತ್ತದೆ. ಕೈ ತಾನಾಗಿ ಯಾವುದೋ ಕಾಯಿಯನ್ನು ಸರಿಸುತ್ತದೆ. ನಿಮ್ಮ 19ನೇ ನಡೆಯ ಹಾಗೆ.

ಸದ್ದಿಲ್ಲದ ನಡೆಯ ಬಗ್ಗೆ ಮಾತು ಬಂದರೆ ನಿಮ್ಜೋವಿಚ್ ಹೆಸರು ಬರಲೇಬೇಕು. 1923, ಕೋಪನ್‌ಹೇಗನ್, ಎದುರಿಗೆ ಸೇಮಿಷ್. ಕರಿ ಆಡುತ್ತಿದ್ದ ನಿಮ್ಜೋವಿಚ್ ಎರಡು ಕಾಲಾಳಿಗೆ ಒಂದು ಕುದುರೆ ಕೊಟ್ಟು ಬಿಳಿಯ ಸೈನ್ಯವನ್ನು ಇಕ್ಕಟ್ಟಿಗೆ ತಳ್ಳಿದ್ದರು. 25ನೇ ನಡೆಯಲ್ಲಿ ಅವರು ಆಡಿದ್ದು ಎಚ್6. ಮೂಲೆಯ ಕಾಲಾಳು ಒಂದೇ ಒಂದು ಮನೆ. ಸೇಮಿಷ್ ಅಲ್ಲೇ ಸೋಲೊಪ್ಪಿದರು! ಅವರ ಬಳಿ ಮಂತ್ರಿ ಇದೆ, ಎರಡೂ ಆನೆ ಇವೆ, ಹೆಚ್ಚಿನ ಒಂದು ಕಾಯಿಯೂ ಇದೆ. ಆದರೆ ಒಂದೆರಡು ಕಾಲಾಳು ನಡೆ ಬಿಟ್ಟರೆ ಯಾವ ಕಾಯಿ ಸರಿಸಿದರೂ ನಷ್ಟ. ಚೆಸ್‌ನಲ್ಲಿ 'ಪಾಸ್' ಹೇಳುವಂತಿಲ್ಲ. ಈ ಸಂಕಟಕ್ಕೆ ಜುಗ್‌ಜ್ವಾಂಗ್ ಅನ್ನುತ್ತಾರೆ. ಕಟ್ಟುನಿಟ್ಟಾಗಿ ನೋಡಿದರೆ ಆ ಸ್ಥಿತಿಯಲ್ಲಿ ಆನೆಯಿಂದ ಬಿಳಿ ಮಂತ್ರಿಯನ್ನು ಹಿಡಿಯುವ ಬೆದರಿಕೆಯೂ ಇತ್ತು, ಆದ್ದರಿಂದ ಅಪ್ಪಟ ಜುಗ್‌ಜ್ವಾಂಗ್ ಅಲ್ಲ ಅಂತ ವಾದ ಮಾಡುವವರಿದ್ದಾರೆ. ಮಾಡಲಿ. ಎಚ್6ರ ರುಚಿ ಅದರಿಂದ ಕಮ್ಮಿಯಾಗುವುದಿಲ್ಲ.

ಈಗ ನಿಮ್ಮ ಎಚ್3 ನೋಡಿ. ಅದೂ ಮೂಲೆಯ ಕಾಲಾಳು ಒಂದು ಮನೆ. 'ಎದುರಾಳಿ ಜಿ4ಕ್ಕೆ ಬರದಿರಲಿ' ಅಂತ ಆಡಿದ್ದೀರಿ ಅಂದುಕೊಳ್ಳುತ್ತೇನೆ. ಆದರೆ ಆ ಹೊತ್ತಿಗೆ ಜಿ4ಕ್ಕೆ ಬರುವ ಒಂಟೆಯೂ ಇರಲಿಲ್ಲ, ಕುದುರೆಯೂ ಇರಲಿಲ್ಲ. ಎಚ್3, ಎ3 ನಮ್ಮ ಕಡೆಯ ಕ್ಲಬ್ ಆಟಗಾರರ ಕೈಚಟ. ಸದ್ದಿಲ್ಲದ ನಡೆಗೂ ಸುಮ್ನೆ ಆಡಿದ ನಡೆಗೂ ಹೊರಗಿಂದ ವ್ಯತ್ಯಾಸ ತಿಳಿಯುವುದಿಲ್ಲ. ಯಾರಾದರೂ 'ಯಾಕೆ ಆಡಿದೆ?' ಅಂತ ಕೇಳಿದರೆ ಒಂದು ವಾಕ್ಯದಲ್ಲಿ ಉತ್ತರ ಬರಬೇಕು. ಬಾರದಿದ್ದರೆ ಕಾಲಾಳನ್ನು ಮುಟ್ಟಬೇಡಿ. ಮಂತ್ರಿ ವಾಪಸ್ಸು ಬರುತ್ತದೆ, ಕಾಲಾಳು ಬರುವುದಿಲ್ಲ.

ಮಾಜಿ ವಿಶ್ವ ಚಾಂಪಿಯನ್ ಕಾರ್ಪೋವ್ ಆಟಗಳಲ್ಲಿ ಇಂಥ 'ಯಾಕೆ'ಗಳಿಗೆ ಯಾವಾಗಲೂ ಉತ್ತರ ಇರುತ್ತದೆ. 1974ರ ನೀಸ್ ಚೆಸ್ ಒಲಿಂಪಿಯಾಡ್‌ನಲ್ಲಿ ಉನ್‌ಜಿಕರ್ ವಿರುದ್ಧ ಬಿಳಿಯಲ್ಲಿ ಆಡಿದ ಆಟ ನೋಡಿ. ತೆರೆದಿದ್ದ ಸಾಲು ಒಂದೇ, ಎ ಸಾಲು. ಸಾಮಾನ್ಯವಾಗಿ ಅಲ್ಲಿ ಆನೆಗಳು ಎದುರುಬದುರು ಬಂದು ಹೊಡೆದಾಡಿ ಖಾಲಿಯಾಗುತ್ತವೆ. ಕರಿಗೆ ಬೇಕಾದದ್ದೂ ಅದೇ, ಜಾಗ ಕಮ್ಮಿ ಇದ್ದವರಿಗೆ ಕಾಯಿ ಕಮ್ಮಿಯಾದಷ್ಟೂ ಹಗುರ. 24ರಲ್ಲಿ ಕಾರ್ಪೋವ್ ತಮ್ಮ ಒಂಟೆಯನ್ನು ಎ7ಕ್ಕೆ ತಂದು ಆ ಸಾಲಿಗೇ ಅಡ್ಡ ಇಟ್ಟರು. ತಮ್ಮ ಆನೆಯ ದಾರಿಯನ್ನೇ ತಾವು ಮುಚ್ಚಿಕೊಂಡರು! ಆದರೆ ಒಂಟೆ ಅಡ್ಡ ಇರುವ ತನಕ ಕರಿ ಆನೆಗಳನ್ನು ಹೊಡೆಸಿಕೊಳ್ಳುವಂತಿಲ್ಲ. ಒಂಟೆಯ ಹಿಂದೆ ನಿಧಾನವಾಗಿ ಎರಡೂ ಬಿಳಿ ಆನೆಗಳು ಬಂದು ಸಾಲುಗಟ್ಟಿದವು. ಒಂಟೆ ಯಾವ ಗಳಿಗೆಯಲ್ಲಾದರೂ ಪಕ್ಕಕ್ಕೆ ಸರಿಯಬಹುದು. ಕರಿ ಅದನ್ನೇ ಕಾಯುತ್ತಾ ಕೂರಬೇಕಾಯಿತು. ಮಜಾ ಅಂದರೆ ಒಂಟೆ ಕೊನೆಯ ತನಕ ಸರಿಯಲೇ ಇಲ್ಲ. ಕಾರ್ಪೋವ್ ಬೋರ್ಡಿನ ಇನ್ನೊಂದು ಕಡೆ, ರಾಜನ ಕಡೆ, ಎಫ್ ಕಾಲಾಳನ್ನು ನೂಕಿ, ಮಂತ್ರಿ ಕುದುರೆಗಳನ್ನು ಅಲ್ಲಿಗೆ ಒಯ್ದು 44ನೇ ನಡೆಗೆ ಗೆದ್ದರು. ನಾನು ಯಾರಿಗಾದರೂ ಒಂದೇ ಆಟ ತೋರಿಸಬಹುದು ಅಂದರೆ ಇದನ್ನೇ ತೋರಿಸುತ್ತೇನೆ. 'ನನಗೇನು ಬೇಕು' ಅನ್ನುವುದಕ್ಕಿಂತ ಮೊದಲು 'ಅವನಿಗೇನು ಬೇಕು' ಅಂತ ಕೇಳಿ ಹುಟ್ಟಿದ ನಡೆ ಅದು.

ಸದ್ದಿಲ್ಲದ ನಡೆ ಅಂದರೆ ಹೆದರಿಕೊಂಡು ಆಡುವ ನಡೆ ಅಂತ ತಿಳಿಯಬೇಡಿ. 1991ರಲ್ಲಿ ಟಿಲ್‌ಬರ್ಗ್‌ನಲ್ಲಿ ನೈಜೆಲ್ ಶಾರ್ಟ್, ಟಿಮ್ಮನ್ ವಿರುದ್ಧ ಬೋರ್ಡ್ ತುಂಬ ಕಾಯಿ ಇರುವಾಗಲೇ ರಾಜನನ್ನು ಎಚ್2, ಜಿ3, ಎಫ್4, ಜಿ5 ಅಂತ ನಡೆಸಿಕೊಂಡು ಹೋದರು. ನಾಲ್ಕು ನಡೆಯಲ್ಲಿ ಒಂದೂ ಚೆಕ್ ಇಲ್ಲ. ಕರಿಯ ಕಾಯಿಗಳೆಲ್ಲ ಕಟ್ಟಿಹಾಕಿದಂತಿದ್ದವು, ತಡೆಯುವವರೇ ಇರಲಿಲ್ಲ. ರಾಜ ಜಿ5ಕ್ಕೆ ಬಂದ ಕೂಡಲೇ ಟಿಮ್ಮನ್ ಆಟ ಬಿಟ್ಟರು.

ದೊಡ್ಡ ತಪ್ಪುಗಳೂ ಹೆಚ್ಚಾಗಿ ನಡೆಯುವುದು ಗದ್ದಲದ ಮಧ್ಯೆ ಅಲ್ಲ. ಏನೂ ನಡೆಯುತ್ತಿಲ್ಲ ಅನ್ನಿಸುವ ಜಾಗದಲ್ಲಿ. ಗದ್ದಲ ಇದ್ದಾಗ ಎಲ್ಲರೂ ಎಚ್ಚರವಾಗಿರುತ್ತಾರೆ. 2014ರ ನವೆಂಬರ್ 15, ಸೋಚಿ, ವಿಶ್ವ ಚಾಂಪಿಯನ್‌ಷಿಪ್‌ನ ಆರನೇ ಆಟ. ಐದು ಆಟ ಮುಗಿದು ಆನಂದ್ ಮತ್ತು ಕಾರ್ಲ್‌ಸನ್ ಸಮ ಸಮ. ಕಾರ್ಲ್‌ಸನ್‌ಗೆ ಬಿಳಿ, ಮಂತ್ರಿಗಳು ಹೋಗಿವೆ, ಅವರದು ಸ್ವಲ್ಪ ಒಳ್ಳೆಯ ಸ್ಥಿತಿ. 26ರಲ್ಲಿ ರಾಜನನ್ನು ಡಿ2ಕ್ಕೆ ಇಟ್ಟರು. ರಾಜನನ್ನು ಒಂದು ಮನೆ ಸರಿಸುವುದಕ್ಕಿಂತ ಸಪ್ಪೆ ನಡೆ ಇನ್ನೇನಿದೆ? ಆದರೆ ಆ ಮನೆಯಲ್ಲಿ ರಾಜ ಸಿ4ರಿಂದ ಬರುವ ಕುದುರೆಯ ಚೆಕ್‌ಗೆ ಸಿಗುತ್ತಾನೆ. ಆನಂದ್‌ರ ಕುದುರೆ ಇ5ರ ಕಾಲಾಳನ್ನು ಹೊಡೆಯಬಹುದಿತ್ತು. ಬಿಳಿ ಜಿ8ರ ಆನೆಯನ್ನು ಹೊಡೆದರೆ, ಅದೇ ಕುದುರೆ ಸಿ4ರ ಕಾಲಾಳನ್ನು ಚೆಕ್ ಸಮೇತ ಹೊಡೆದು, ಇನ್ನೊಂದು ಚೆಕ್ ಕೊಟ್ಟು ಪಾರಾಗಿ, ಆಮೇಲೆ ಆನೆಯನ್ನೂ ವಾಪಸ್ಸು ಪಡೆಯಬಹುದಿತ್ತು. ಎರಡು ಕಾಲಾಳು ಲಾಭ. ಆಡಿದ ಮರುಕ್ಷಣವೇ ಕಾರ್ಲ್‌ಸನ್‌ಗೆ ತಪ್ಪು ಗೊತ್ತಾಯಿತು. ಆನಂದ್ ಹೆಚ್ಚು ಯೋಚಿಸದೆ ಎ ಕಾಲಾಳನ್ನು ಎ4ಕ್ಕೆ ನೂಕಿದರು, ಮುಂದೆ ಆ ಆಟವನ್ನೂ ಸೋತರು. ಉಡುಗೊರೆ ಬರುತ್ತದೆ ಅಂತ ಎದುರು ನೋಡದಿದ್ದಾಗ, ಬಂದರೂ ಕೆಲವೊಮ್ಮೆ ತೆಗೆದುಕೊಳ್ಳುವುದಿಲ್ಲ ಎಂಬ ಅರ್ಥದ ಮಾತನ್ನು ಅವರು ಆಮೇಲೆ ಹೇಳಿದರು. ಇಬ್ಬರೂ ತಮ್ಮ ತಮ್ಮ ಯೋಜನೆಯಲ್ಲಿ ಮುಳುಗಿದ್ದರು. ಸಪ್ಪೆ ನಡೆ ಬೋರ್ಡಿನಲ್ಲಿ ಏನು ಬದಲಿಸಿತು ಅಂತ ಒಬ್ಬರು ಆಡುವ ಮೊದಲು ಕೇಳಲಿಲ್ಲ, ಇನ್ನೊಬ್ಬರು ಆಡಿದ ಮೇಲೂ ಕೇಳಲಿಲ್ಲ.

ಗುಕೇಶ್ ಗೆದ್ದ ಆಟ ನೀವು ನೋಡಿಯೇ ಇರುತ್ತೀರಿ. 2024ರ ಡಿಸೆಂಬರ್ 12, ಸಿಂಗಪುರ, 14ನೇ ಆಟ, ಅಂಕ 6.5–6.5. ಬಿಳಿ ಆಡುತ್ತಿದ್ದ ಡಿಂಗ್ ಲಿರೆನ್ 55ರಲ್ಲಿ ಆನೆಯನ್ನು ಎಫ್2ಕ್ಕೆ ತಂದು ಆನೆಗೆ ಆನೆ ಕೊಡಲು ಹೊರಟರು. ಟೀವಿಯಲ್ಲಿ ಎಲ್ಲರೂ ಆ ನಡೆಯನ್ನೇ ದೂರಿದರು. ನಾನು ಎ8ರಲ್ಲಿದ್ದ ಡಿಂಗ್‌ರ ಒಂಟೆಯನ್ನು ನೋಡಿ ಅನ್ನುತ್ತೇನೆ. ಒಂದು ಕಾಲಾಳು ಕಮ್ಮಿ ಇದ್ದವರು ಕಾಯಿ ಹೊಡೆಸಿಕೊಂಡು ಡ್ರಾಗೆ ಹೋಗುವುದು ತಪ್ಪಲ್ಲ. ಆ ಒಂಟೆ ಮೂಲೆಯಲ್ಲಿ ಇರದಿದ್ದರೆ ಅದು ನಡೆದೂಬಿಡುತ್ತಿತ್ತೇನೋ. ಮೂಲೆಯ ಒಂಟೆಗೆ ಇರುವುದು ಒಂದೇ ಓರೆ ಸಾಲು. ಆನೆಗಳು ಹೋದ ಮೇಲೆ ಗುಕೇಶ್ ತಮ್ಮ ಒಂಟೆಯನ್ನು ಡಿ5ಕ್ಕೆ ಇಟ್ಟರು, ಹಿಂದೆ ಇ5ರಲ್ಲಿ ರಾಜನ ಬೆಂಬಲ. ಬಿಳಿ ಒಂಟೆ ಬಿ7ಕ್ಕೆ ಹೋದರೂ ಸಿ6ಕ್ಕೆ ಹೋದರೂ ಸಾಯುತ್ತದೆ, ನಿಂತರೂ ಸಾಯುತ್ತದೆ. ಒಂಟೆಗೆ ಒಂಟೆ ಹೋಗಲೇಬೇಕು. ಉಳಿದದ್ದು ರಾಜ ಮತ್ತು ಕಾಲಾಳು, ಒಂದು ಕಾಲಾಳು ಜಾಸ್ತಿ ಇದ್ದವರಿಗೆ ಗೆಲುವು. 58ನೇ ನಡೆಗೆ ಮುಗಿಯಿತು. ಡಿಂಗ್‌ರ ತಪ್ಪು ತಮಗೂ ಮೊದಲಿಗೆ ಹೊಳೆಯಲಿಲ್ಲ ಅಂತ ಗುಕೇಶ್ ಆಮೇಲೆ ಹೇಳಿದ್ದಾರೆ. ಆದರೆ ಅವರು ಕೈ ಹಾಕುವ ಮೊದಲು ಒಂದು ಸಲ ನಿಂತು ನೋಡಿದರು. ಸೋಚಿಗೂ ಸಿಂಗಪುರಕ್ಕೂ ಇದ್ದ ಅಂತರ ಇಷ್ಟೇ.

ದಣಿವಿನ ಬಗ್ಗೆಯೂ ಹೇಳಬೇಕು, ಯಾಕೆಂದರೆ ನಿಮ್ಮ ಆ ಆಟ ದಿನದ ಮೂರನೆಯದು ಅಂತ ಹಾಳೆಯಲ್ಲಿ ಕಾಣುತ್ತಿದೆ. 2021ರ ದುಬೈ ಪಂದ್ಯದಲ್ಲಿ ಕಾರ್ಲ್‌ಸನ್ ಮತ್ತು ನೆಪೊಮ್ನಿಯಾಶಿ ಮೊದಲ ಐದು ಆಟ ಡ್ರಾ ಮಾಡಿಕೊಂಡರು. ಡಿಸೆಂಬರ್ 3ರ ಆರನೇ ಆಟ 136 ನಡೆ ಹೋಯಿತು, ವಿಶ್ವ ಚಾಂಪಿಯನ್‌ಷಿಪ್ ಇತಿಹಾಸದಲ್ಲೇ ಉದ್ದದ ಆಟ. ಕೊನೆಗೆ ನೆಪೊಮ್ನಿಯಾಶಿ ಬಳಿ ಮಂತ್ರಿ, ಕಾರ್ಲ್‌ಸನ್ ಬಳಿ ಆನೆ, ಕುದುರೆ, ಎರಡು ಕಾಲಾಳು. ಸರಿಯಾಗಿ ಆಡಿದರೆ ಡ್ರಾ. 130ನೇ ನಡೆಯಲ್ಲಿ ಮಂತ್ರಿ ಇ6ಕ್ಕೆ ಹೋಯಿತು, ಆಟವೂ ಹೋಯಿತು. ಇದಾಗಿ ನಾಲ್ಕು ದಿನಕ್ಕೆ ಒಂಬತ್ತನೇ ಆಟದಲ್ಲಿ ನೆಪೊಮ್ನಿಯಾಶಿ 27ರಲ್ಲಿ ಸಿ5 ಆಡಿದರು. ಕಾರ್ಲ್‌ಸನ್ ಸಿ6 ಅಂದರು. ಕಾಲಾಳು ಒಂದು ಮನೆ. ಬಿ7ರಲ್ಲಿದ್ದ ಬಿಳಿ ಒಂಟೆಗೆ ಹೊರಬರುವ ದಾರಿಯೇ ಮುಚ್ಚಿಹೋಯಿತು. ಆ ಮಟ್ಟದ ಆಟಗಾರರು ನೋಡದೆ ಇರುವ ನಡೆಯೇ ಅಲ್ಲ ಅದು. ಪಂದ್ಯ 7.5–3.5ಕ್ಕೆ ಮುಗಿಯಿತು.

ಇನ್ನು ಕಲಿಯುವುದು ಹೇಗೆ. ಎದುರಾಳಿ ಆಡಿದ ಮೇಲೆ ನಿಮ್ಮ ಯೋಜನೆಗೆ ವಾಪಸ್ಸು ಹೋಗುವ ಮೊದಲು ಅವರ ಕಾಯಿ ಬಿಟ್ಟ ಮನೆ ಮತ್ತು ಬಂದ ಮನೆ ಎರಡನ್ನೂ ನೋಡಿ. ಅಲ್ಲಿಂದ ಮುಂದೆ ಅದು ಎಲ್ಲಿಗೆ ಹೋಗಬಲ್ಲದು ಅಂತಲೂ ನೋಡಿ. ಇಷ್ಟು ಮಾಡಿದ್ದರೆ ಜಿ6ರ ಕುದುರೆ ನಿಮಗೆ ಸಿಗುತ್ತಿತ್ತು. ನೀವು ಆಡುವ ಮೊದಲೂ ಇದೇ ಪ್ರಶ್ನೆಯನ್ನು ನಿಮ್ಮ ಕಾಯಿಗೆ ಕೇಳಿ. ಈಗ ಇರುವ ಜಾಗದಲ್ಲಿ ಇದು ಏನನ್ನು ಕಾಯುತ್ತಿದೆ? ಏನೂ ತೋಚದಿದ್ದರೆ ಚೆನ್ನಾಗಿ ಕೂತಿರುವ ಕಾಯಿಯನ್ನು ಸರಿಸಬೇಡಿ, ಎಲ್ಲಕ್ಕಿಂತ ಕೆಟ್ಟ ಜಾಗದಲ್ಲಿರುವುದನ್ನು ಹುಡುಕಿ. ನಿಮ್ಮ ಆಟದಲ್ಲಿ 19ರ ಹೊತ್ತಿಗೆ ಎ1ರ ಆನೆ ಇನ್ನೂ ಮೂಲೆಯಲ್ಲೇ ಇತ್ತು. ಅದನ್ನು ಡಿ1ಕ್ಕೆ ತಂದಿದ್ದರೆ ಮಂತ್ರಿ ತನ್ನ ಕಾವಲಿನಲ್ಲಿ ಇರುತ್ತಿತ್ತು, ಆನೆಗೂ ಕೆಲಸ ಸಿಗುತ್ತಿತ್ತು.

ಟೂರ್ನಿಯಲ್ಲಿ ನಡೆ ಬರೆಯುವ ಹಾಳೆಯಲ್ಲಿ ಪ್ರತಿ ನಡೆಯ ಪಕ್ಕ ಗಡಿಯಾರದಲ್ಲಿ ಉಳಿದ ಸಮಯವನ್ನೂ ಬರೆಯಿರಿ. ನಿಯಮದಲ್ಲಿ ಅದಕ್ಕೆ ಅವಕಾಶ ಇದೆ. ಮನೆಗೆ ಬಂದು ನೋಡಿದರೆ ಒಂದು ವಿಷಯ ಕಾಣುತ್ತದೆ. ಹೊಡೆದಾಟ ಇರುವಲ್ಲಿ ಹತ್ತು ನಿಮಿಷ ಖರ್ಚು ಮಾಡಿರುತ್ತೀರಿ, ಅದೂ ಬೇರೆ ದಾರಿಯೇ ಇಲ್ಲದ ನಡೆಗಳಿಗೆ. ಸಪ್ಪೆ ಸ್ಥಿತಿಯಲ್ಲಿ ಹತ್ತೇ ಸೆಕೆಂಡಿನಲ್ಲಿ ಆಡಿರುತ್ತೀರಿ. ಇದನ್ನು ತಿರುಗಿಸಿ. ನಡೆ ಒಂದೇ ಇದ್ದರೆ ಬೇಗ ಆಡಿ, ಬೆದರಿಕೆ ಮುಗಿದು ತಣ್ಣಗಾದ ಗಳಿಗೆಯಲ್ಲಿ ಕೂತು ಯೋಚಿಸಿ. 90 ನಿಮಿಷದ ಆಟದಲ್ಲಿ ಅಂಥ ನಾಲ್ಕೈದು ಗಳಿಗೆಗೆ ಐದೈದು ನಿಮಿಷ ಕೊಡಲು ಧಾರಾಳ ಸಮಯ ಇದೆ.

ಆಟ ಮುಗಿದ ಮೇಲೆ ಎಂಜಿನ್ ತೆರೆಯುವ ಮೊದಲು, ನೀವಾಗಿ ಆಟದ ಮೇಲೆ ಒಂದು ಸಲ ಹೋಗಿ. ಸೋತ ನಡೆಯಿಂದ ಹಿಂದಕ್ಕೆ ಬನ್ನಿ. 31ರಲ್ಲಿ ಬೇರೆ ದಾರಿ ಇತ್ತೇ? ಇರಲಿಲ್ಲ. 28ರಲ್ಲಿ? ಕಷ್ಟ. 24ರಲ್ಲಿ? ತಡವಾಗಿತ್ತು. ಹೀಗೆ ಬರುತ್ತಾ ಬರುತ್ತಾ 'ಇಲ್ಲಿ ನನಗೆ ಆಯ್ಕೆ ಇತ್ತು' ಅನ್ನಿಸುವ ಜಾಗ ಸಿಗುತ್ತದೆ. ಆಗ ಏನು ಯೋಚಿಸಿದ್ದಿರಿ ಅಂತ ಒಂದು ಸಾಲು ಬರೆದಿಡಿ. ಆಮೇಲೆ ಎಂಜಿನ್ ನೋಡಿ. ಮೊದಲೇ ನೋಡಿದರೆ ಅದರ ಉತ್ತರ ನಿಮ್ಮ ಉತ್ತರ ಅನ್ನಿಸಿಬಿಡುತ್ತದೆ.

ಬ್ಲಿಟ್ಸ್ ಬಗ್ಗೆ ಕೇಳಿದ್ದೀರಿ. ಖುಷಿಗೆ ಆಡಿ, ಯಾರೂ ಬೇಡ ಅನ್ನುವುದಿಲ್ಲ. ಕಾಯಿ ಪುಕ್ಕಟೆ ಬಿಡದಿರುವ ಅಭ್ಯಾಸಕ್ಕೆ, ಓಪನಿಂಗ್ ಬಾಯಿಪಾಠಕ್ಕೆ ಒಂದಿಷ್ಟು ಉಪಯೋಗವೂ ಇದೆ. ಆದರೆ ಮೂರು ನಿಮಿಷದ ಆಟದಲ್ಲಿ ಸಪ್ಪೆ ಸ್ಥಿತಿ ಬಂದರೆ ಕೈಚಟದ ನಡೆಯೇ ಗತಿ. ಎಚ್3 ಆಡಿ ಗಡಿಯಾರ ಒತ್ತುವುದನ್ನು ಅಲ್ಲಿ ದಿನಾ ರೂಢಿ ಮಾಡಿಕೊಂಡರೆ ಟೂರ್ನಿಯಲ್ಲೂ ಅದೇ ಬರುತ್ತದೆ. ಅದರ ಬದಲು ವಾರಕ್ಕೆ ಎರಡು ಆಟ, 30 ನಿಮಿಷದ್ದು ಅಥವಾ 15 ನಿಮಿಷ ಮತ್ತು ನಡೆಗೆ 10 ಸೆಕೆಂಡಿನದ್ದು ಆಡಿ. ಉಳಿದ ದಿನ ಕಾರ್ಪೋವ್‌ರ 1970ರ ದಶಕದ ಆಟಗಳನ್ನು ತೆಗೆದುಕೊಂಡು 15ನೇ ನಡೆಯಿಂದ ಮುಂದಿನದನ್ನು ಕೈಯಲ್ಲಿ ಮುಚ್ಚಿಟ್ಟು ಊಹಿಸಿ. ಮೊದಮೊದಲು ಬಹಳ ತಪ್ಪುತ್ತದೆ, ಪರವಾಗಿಲ್ಲ. ಮುಂದಿನ ಆಟ ಕಳಿಸುವಾಗ ಗಡಿಯಾರದ ಸಮಯವನ್ನೂ ಪಕ್ಕದಲ್ಲಿ ಬರೆದು ಕಳಿಸಿ.